ಸರಕಿಗೆ ಸಲ್ಲುವ ಹಣೆಪಟ್ಟಿ ಜನರಿಗೆ ಸಲ್ಲದು

ಕೊಡಗಿನ ಕಿತ್ತಳೆ, ಕೊಡಗಿನ ಹಸಿರು ಏಲಕ್ಕಿ ಮತ್ತು 2019ರಲ್ಲಿ ಕೊಡಗಿನ ಅರೇಬಿಕಾ ಕಾಫಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವುದು ಜಿಲ್ಲೆಯ ವರ್ತಕರೆಲ್ಲರೂ ಹೆಮ್ಮೆಪಡುವ ಸಂಗತಿ. ಈ ಮಾನ್ಯತೆ ಕೇಳಿದಾಕ್ಷಣ ದೊರೆಯುವಂಥದ್ದಲ್ಲ. 1999ರ ಕಾಯ್ದೆಯ ಪ್ರಕಾರ ಚೆನ್ನೈನಲ್ಲಿರುವ ನೋಂದಣಿ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಸರಕು ಬೆಳೆಯುವ ಪ್ರದೇಶದ ಗಡಿಯನ್ನು ಗುರುತಿಸಿ, ಅದರ ಗುಣವಿಶೇಷಗಳನ್ನು ವಿವರಿಸಿ, ಪರಿಣತರ ಪರಿಶೀಲನೆಗೆ ಒಡ್ಡಬೇಕು. ಬಳಿಕ ಅದು ಪ್ರಕಟವಾಗಿ, ಆಕ್ಷೇಪಣೆಯುಳ್ಳವರಿಗೆ ಅವಕಾಶ ದೊರೆತು, ಕೊನೆಗೆ ನೋಂದಣಿಯಾಗುತ್ತದೆ. ಆ ನೋಂದಣಿಯೂ ಹತ್ತು ವರ್ಷಗಳಿಗೆ ಮಾತ್ರ ಊರ್ಜಿತ, ಅನಂತರ ನವೀಕರಿಸಲೇಬೇಕು.

ಮನುಷ್ಯರಿಗೆ ಅಂಟಿಸುವ ಹಣೆಪಟ್ಟಿಗೆ ಇಂತಹ ಯಾವ ನಿಯಮವೂ ಇಲ್ಲ. ಅಲ್ಲಿ ಅರ್ಜಿಯಿಲ್ಲ, ಪರಿಶೀಲನೆಯಿಲ್ಲ, ಆಕ್ಷೇಪಣೆಗೆ ಆಸ್ಪದವಿಲ್ಲ, ನವೀಕರಣದ ಅವಧಿಯೂ ಇಲ್ಲ. ‘ಆ ಜನ ಹಾಗೆಯೇ’ ಎಂದು ಯಾರೋ ಎಂದೋ ಆಡಿದ ಮಾತು ಅಜ್ಜನಿಂದ ಮೊಮ್ಮಗನವರೆಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಜೊತೆಗೇ ಹಸ್ತಾಂತರವಾಗುತ್ತದೆ. ಒಂದು ಕಿಲೋ ಕಾಳುಮೆಣಸನ್ನು ತೇವಾಂಶ ನೋಡದೆ ಕೊಳ್ಳದ ವರ್ತಕ, ಒಂದು ಇಡೀ ಸಮುದಾಯದ ಗುಣವನ್ನು ಪರೀಕ್ಷೆಯಿಲ್ಲದೆ ಒಪ್ಪಿಕೊಂಡುಬಿಡುತ್ತಾನೆ. ಇದು ಸೌಜನ್ಯದ ಪ್ರಶ್ನೆಯಷ್ಟೇ ಅಲ್ಲ, ವ್ಯಾಪಾರದ ಪ್ರಶ್ನೆಯೂ ಹೌದು. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ಇಷ್ಟು ಚಿಕ್ಕ ಜಿಲ್ಲೆಯ ಮಾರುಕಟ್ಟೆ ಬದುಕಿರುವುದು ಹೊರಗಿನಿಂದ ಬರುವವರ ಬಲದಿಂದ. ಪ್ರವಾಸಿ ಹೊರಗಿನವನು, ಕಾಫಿ ಕೊಯ್ಯುವ ಕಾರ್ಮಿಕ ಹೊರಗಿನವನು, ಕಾವೇರಿಯ ಆಚೆ ದಡದಿಂದ ಬರುವ ಟಿಬೆಟಿಯನ್ ಗ್ರಾಹಕನೂ ಹೊರಗಿನವನು. ಹೊರಗಿನವರನ್ನು ತಪ್ಪಾಗಿ ತೂಗುವ ಪೇಟೆ ತನ್ನ ಬಂಡವಾಳವನ್ನೇ ತಪ್ಪಾಗಿ ಲೆಕ್ಕ ಹಾಕಿದಂತೆ.

ಕೊಡಗಿಗೇ ಅಂಟಿದ ಪಟ್ಟಿ

ಹಣೆಪಟ್ಟಿಯ ಭಾರ ಎಂಥದೆಂಬುದು ಕೊಡಗಿನವರಿಗೆ ಬೇರೆಯವರು ಹೇಳಿಕೊಡಬೇಕಾದ ಪಾಠವಲ್ಲ. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಗೆ ಸೇರಿತು. 1850ರ ದಶಕದಿಂದ ಯುರೋಪಿಯನ್ ತೋಟಗಾರರು ಬಂದು ನೆಲೆಸಿದರು. ಅಂದಿನ ಅಧಿಕಾರಿಗಳೂ ಪಾದ್ರಿಗಳೂ ಬರೆದಿಟ್ಟ ವರದಿಗಳಲ್ಲಿ ಕೊಡವರು ಶೂರರು, ನಿಷ್ಠಾವಂತರು, ಬೇಟೆಗಾರರು. 1861ರಲ್ಲಿ ಅವರಿಗೆ ಶಸ್ತ್ರಾಸ್ತ್ರ ಕಾಯ್ದೆಯಿಂದ ವಿನಾಯಿತಿಯೂ ದೊರೆಯಿತು. 2019ರಲ್ಲಿ ಕೇಂದ್ರ ಸರ್ಕಾರ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದೆ. ಹೊಗಳಿಕೆಯ ಮಾತಾದುದರಿಂದ ಈ ಪಟ್ಟಿಯನ್ನು ಯಾರೂ ಕಿತ್ತೆಸೆಯಲಿಲ್ಲ.

ಆದರೆ ಹೊಗಳಿಕೆಯ ಪಟ್ಟಿಗೂ ಹಿಂಬದಿಯೊಂದಿದೆ. ‘ಕೊಡವ ಯೋಧ, ಆದ್ದರಿಂದ ಅವನಿಗೆ ವ್ಯಾಪಾರ ಒಗ್ಗದು’ ಎಂಬ ಮಾತು ಅಲ್ಲಿಂದಲೇ ಹುಟ್ಟಿತು. ಅದರ ಬೆನ್ನಿಗೇ ‘ವ್ಯಾಪಾರಿಯೆಂದರೆ ಹೊರಗಿನವನು, ಲಾಭ ಮಾಡಿಕೊಂಡು ಹೋಗಲು ಬಂದವನು’ ಎಂಬ ಮಾತೂ ಹುಟ್ಟಿತು. ವಿರಾಜಪೇಟೆಯ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘವಾಗಲಿ, ಕಿತ್ತಳೆ ಬೆಳೆಗಾರರ ಸಹಕಾರ ಸಂಘವಾಗಲಿ ಮೊದಲ ಮಾತನ್ನು ದಶಕಗಳ ಹಿಂದೆಯೇ ಸುಳ್ಳು ಮಾಡಿದವು. ಮೂರು ನಾಲ್ಕು ತಲೆಮಾರುಗಳಿಂದ ಮಡಿಕೇರಿ, ಸೋಮವಾರಪೇಟೆ, ಗೋಣಿಕೊಪ್ಪಲುಗಳಲ್ಲಿ ಅಂಗಡಿ ನಡೆಸುತ್ತಿರುವ, ಇಲ್ಲಿಯೇ ಹುಟ್ಟಿ ಇಲ್ಲಿಯೇ ಮಣ್ಣಾದ ವರ್ತಕ ಕುಟುಂಬಗಳು ಎರಡನೆಯದನ್ನು ಸುಳ್ಳು ಮಾಡಿವೆ. ಆದರೂ ಮಾತುಗಳು ಉಳಿದಿವೆ.

ಪ್ರವಾಸಿಯ ಮನಸ್ಸಿನಲ್ಲಿರುವ ಚಿತ್ರ ಇನ್ನೂ ಸರಳ. ಕೊಡಗಿನಲ್ಲಿರುವವರೆಲ್ಲ ಕೊಡವರು, ಪ್ರತಿ ಮನೆಯಲ್ಲಿ ಕೋವಿ, ಪ್ರತಿ ಊಟದಲ್ಲಿ ಹಂದಿಮಾಂಸ, ಪ್ರತಿ ಅಂಗಡಿಯಲ್ಲಿ ಮನೆಯಲ್ಲಿ ತಯಾರಿಸಿದ ವೈನ್. ಅರೆಭಾಷೆಯ ಗೌಡರು, ಯರವರು, ಕುರುಬರು, ಹೆಗ್ಗಡೆಯವರು, ಐರಿಗಳು, ಮುಸಲ್ಮಾನರು, ಕ್ರೈಸ್ತರು ಆ ಚಿತ್ರದಲ್ಲಿ ಇಲ್ಲ. ಚಿತ್ರಕ್ಕೆ ಹೊಂದದ ಸರಕನ್ನು ಮಾರುವವನಿಗೆ ಗಿರಾಕಿ ಕಡಿಮೆ. ಹೀಗೆ ಸಮುದಾಯಕ್ಕೆ ಹಚ್ಚಿದ ಪಟ್ಟಿ ಸದ್ದಿಲ್ಲದೆ ಪೇಟೆಯ ಕಪಾಟನ್ನೂ ತುಂಬುತ್ತದೆ, ಖಾಲಿ ಮಾಡುತ್ತದೆ.

ಊರಿಗೆ ಹಚ್ಚಿದ ಪಟ್ಟಿಯ ಪರಿಣಾಮವನ್ನು 2018ರ ಆಗಸ್ಟ್ ತೋರಿಸಿಕೊಟ್ಟಿತು. ಅಂದಿನ ಭೂಕುಸಿತದ ಹಾನಿ ಘೋರವಾಗಿತ್ತು, ಪ್ರಾಣಹಾನಿಯೂ ಆಯಿತು. ಆದರೆ ಆ ಹಾನಿ ಮುಖ್ಯವಾಗಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಮುಂತಾದ ಮಡಿಕೇರಿ ಸೀಮೆಯ ಭಾಗಗಳಲ್ಲಿ ಹಾಗೂ ಸೋಮವಾರಪೇಟೆ ತಾಲ್ಲೂಕಿನ ಕೆಲವು ಭಾಗಗಳಲ್ಲಿ ಸಂಭವಿಸಿತ್ತು. ಹೊರಗೆ ಹರಡಿದ್ದು ಮಾತ್ರ ‘ಕೊಡಗು ಕೊಚ್ಚಿಹೋಯಿತು’ ಎಂಬ ಒಂದೇ ವಾಕ್ಯ. ರಸ್ತೆಗಳು ತೆರೆದ ಬಳಿಕವೂ ಗುಡ್ಡ ಕುಸಿಯದ ಊರುಗಳ ಹೋಂಸ್ಟೇಗಳು, ಮಸಾಲೆ ಅಂಗಡಿಗಳು, ಟ್ಯಾಕ್ಸಿಯವರು ಗಿರಾಕಿಗಾಗಿ ಕಾಯಬೇಕಾಯಿತು. ಸತ್ಯದ ಒಂದು ತುಂಡನ್ನು ಇಡಿಯ ಸತ್ಯವೆಂದು ತಿಳಿಯುವುದೇ ಹಣೆಪಟ್ಟಿಯ ಕೆಲಸ.

ತಿಮ್ಮಯ್ಯನವರು ಕಂಡ ಕೊರಿಯಾ

ಇಂತಹ ಪಟ್ಟಿಗಳ ನಡುವೆ ನಿಂತು ಕೆಲಸ ಮಾಡಿದ ಕೊಡಗಿನವರೊಬ್ಬರ ಉದಾಹರಣೆ ಇಲ್ಲಿ ಉಲ್ಲೇಖಾರ್ಹ. 1906ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಜನರಲ್ ಕೆ.ಎಸ್. ತಿಮ್ಮಯ್ಯನವರು 1953ರಲ್ಲಿ ಕೊರಿಯಾ ಯುದ್ಧದ ಕೈದಿಗಳ ಪ್ರಶ್ನೆಯನ್ನು ಇತ್ಯರ್ಥಪಡಿಸಲು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. ಸ್ವದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ಭಾರತೀಯ ಪಡೆಯ ವಶದಲ್ಲಿದ್ದರು. ಎದುರು ಪಕ್ಷದಿಂದ ಬಂದವರು 350ಕ್ಕಿಂತ ಸ್ವಲ್ಪ ಹೆಚ್ಚು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರ ದೃಷ್ಟಿಯಲ್ಲಿ ಭಾರತೀಯರು ಕಮ್ಯುನಿಸ್ಟರ ಪಕ್ಷಪಾತಿಗಳು. ತಮ್ಮ ನೆಲದ ಮೇಲೆ ಭಾರತೀಯ ಸೈನಿಕರು ಕಾಲಿಡಕೂಡದೆಂದು ಅವರು ಪಟ್ಟು ಹಿಡಿದುದರಿಂದ, ಪಡೆಯನ್ನು ಹೆಲಿಕಾಪ್ಟರುಗಳ ಮೂಲಕ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಇತ್ತ ಚೀನಾ ಮತ್ತು ಉತ್ತರ ಕೊರಿಯಾದವರಿಗೂ ಭಾರತೀಯರ ಮೇಲೆ ದೂರುಗಳಿದ್ದವು.

ಎರಡೂ ಕಡೆಯ ಸಂಶಯಕ್ಕೆ ಗುರಿಯಾದರೂ ತಿಮ್ಮಯ್ಯನವರು ಆಯೋಗದ ಕಾರ್ಯವನ್ನು 1954ರವರೆಗೆ ನಡೆಸಿ ಮುಗಿಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಸಂದಿತು. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಗೆ ಬರುವವರು ಬಂದೂಕು, ಸಮವಸ್ತ್ರಗಳನ್ನು ನೋಡಿ ಯೋಧನನ್ನು ಕಾಣುತ್ತಾರೆ. ಆದರೆ ಕೊರಿಯಾದಲ್ಲಿ ತಿಮ್ಮಯ್ಯನವರು ಮಾಡಿದ ಕೆಲಸ ಯುದ್ಧವಲ್ಲ. ಒಬ್ಬರನ್ನೊಬ್ಬರು ನಂಬದ ಪಕ್ಷಗಳ ಮಾತನ್ನು ಕೇಳಿಸಿಕೊಳ್ಳುವ ಕೆಲಸ. ಯೋಧನ ಹಣೆಪಟ್ಟಿ ಅದನ್ನು ಮರೆಮಾಡಿದೆ.

ವಯಸ್ಸು ಕೇಳುವುದು, ಒಕ್ಕ ಕೇಳುವುದು

ಅದೇ ಕೊರಿಯಾ ಮುಂದೆ ಶ್ರೀಮಂತ ರಾಷ್ಟ್ರವಾಗಿ ಬೆಳೆದಾಗ ಸಾವಿರಾರು ಪಾಶ್ಚಾತ್ಯರು ಇಂಗ್ಲಿಷ್ ಕಲಿಸಲು, ಕಂಪನಿಗಳಲ್ಲಿ ದುಡಿಯಲು ಅಲ್ಲಿಗೆ ಹೋದರು. ಅವರ ಸಾಮಾನ್ಯ ದೂರುಗಳಲ್ಲೊಂದು, ಕೊರಿಯನ್ನರು ಪರಿಚಯವಾದ ಕೂಡಲೇ ವಯಸ್ಸು ಕೇಳುತ್ತಾರೆ ಎಂಬುದು. ಪಾಶ್ಚಾತ್ಯರಿಗೆ ಅದು ಅಧಿಕಪ್ರಸಂಗ. ಕೊರಿಯನ್ನನಿಗೆ ಅದು ಅನಿವಾರ್ಯ; ಆ ಭಾಷೆಯಲ್ಲಿ ಕ್ರಿಯಾಪದದ ಕೊನೆಯೇ ಎದುರಿನವರ ಹಿರಿತನಕ್ಕೆ ತಕ್ಕಂತೆ ಬದಲಾಗುತ್ತದೆ. ವಯಸ್ಸು ತಿಳಿಯದೆ ಮರ್ಯಾದೆಯಿಂದ ಒಂದು ವಾಕ್ಯ ಮುಗಿಸುವುದೂ ಕಷ್ಟ. ಅಂದರೆ ಒಬ್ಬನಿಗೆ ಅಗೌರವವೆಂದು ತೋರಿದ ಪ್ರಶ್ನೆ ಇನ್ನೊಬ್ಬನಿಗೆ ಗೌರವದ ಸಿದ್ಧತೆ.

ಕೊಡಗಿನಲ್ಲಿ ಇದಕ್ಕೆ ಸಮನಾದುದು ‘ಯಾವ ಒಕ್ಕ, ಯಾವ ಊರು’ ಎಂಬ ಪ್ರಶ್ನೆ. ಹೊರಗಿನಿಂದ ಬಂದು ನೆಲೆಸಿದ ವರ್ತಕನಿಗೋ ಅಧಿಕಾರಿಗೋ ಇದು ಕುಲಗೋತ್ರದ ವಿಚಾರಣೆಯಂತೆ ಕೇಳಿಸಬಹುದು. ಕೇಳುವ ಕೊಡವನಿಗೆ ಅದು ಎದುರಿನವರನ್ನು ಬಂಧುತ್ವದ ಬಲೆಯಲ್ಲಿ ಒಂದು ಕಡೆ ಕೂರಿಸುವ ಕ್ರಮ: ಯಾರ ಮನೆಯ ನಂಟು, ಯಾವ ಐನ್‌ಮನೆ, ಹೇಗೆ ಸಂಬೋಧಿಸಬೇಕು ಎಂದು ತಿಳಿಯುವ ದಾರಿ. ಪ್ರಶ್ನೆಯ ಹಿಂದಿನ ಕಾರಣ ತಿಳಿದರೆ ಮುನಿಸಿಗೆ ಎಡೆಯಿಲ್ಲ. ಹಾಗೆಯೇ, ಒಕ್ಕವಿಲ್ಲದ ಗಿರಾಕಿಗೆ ಆ ಪ್ರಶ್ನೆ ‘ನೀನು ಇಲ್ಲಿಯವನಲ್ಲ’ ಎಂದು ಕೇಳಿಸುತ್ತದೆಂಬುದನ್ನು ಕೇಳುವವನೂ ತಿಳಿದಿರಬೇಕು.

ಕೊರಿಯಾದಿಂದಲೇ ಇನ್ನೊಂದು, ಹೆಚ್ಚು ಗಂಭೀರವಾದ ಉದಾಹರಣೆ. 2007ರಲ್ಲಿ, ಹಿಂದೆ ಅಲ್ಲಿ ಅಧ್ಯಾಪಕನಾಗಿದ್ದ ಒಬ್ಬ ವಿದೇಶಿ ಬೇರೆ ದೇಶದಲ್ಲಿ ಎಸಗಿದ ಅಪರಾಧ ಬಯಲಾಯಿತು. ಆ ಕೋಲಾಹಲದ ಬೆನ್ನಿಗೇ ವಿದೇಶಿ ಭಾಷಾ ಅಧ್ಯಾಪಕರು ಎಚ್‌ಐವಿ ಹಾಗೂ ಮಾದಕವಸ್ತು ಪರೀಕ್ಷೆಗೆ ಒಳಗಾಗಬೇಕೆಂಬ ನಿಯಮ ಬಂದಿತು. ಅದೇ ಕೆಲಸ ಮಾಡುವ ಕೊರಿಯನ್ ಅಧ್ಯಾಪಕರಿಗೆ ಆ ನಿಯಮವಿರಲಿಲ್ಲ. ನ್ಯೂಜಿಲೆಂಡಿನ ಒಬ್ಬ ಅಧ್ಯಾಪಕಿ ಇದನ್ನು ಪ್ರಶ್ನಿಸಿದರು. 2015ರಲ್ಲಿ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿವಾರಣಾ ಸಮಿತಿ ಅವರ ಪರವಾಗಿ ಅಭಿಪ್ರಾಯ ನೀಡಿತು. 2017ರಲ್ಲಿ ಕೊರಿಯಾ ಎಚ್‌ಐವಿ ಪರೀಕ್ಷೆಯ ನಿಯಮವನ್ನು ಕೈಬಿಟ್ಟಿತು. ಒಬ್ಬನ ತಪ್ಪಿಗೆ ಒಂದು ವರ್ಗಕ್ಕೆಲ್ಲ ಪಟ್ಟಿ ಹಚ್ಚುವುದು ಎಷ್ಟು ಸುಲಭ, ತೆಗೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಈ ಹತ್ತು ವರ್ಷಗಳೇ ಸಾಕ್ಷಿ.

ಕಾವೇರಿಯ ಆಚೆ ದಡ

ಕೊಡಗಿನ ವರ್ತಕರಿಗೆ ಅತಿ ಸಮೀಪದ ಪರೀಕ್ಷೆ ಇರುವುದು ಕುಶಾಲನಗರದ ಸೇತುವೆಯ ಆಚೆ. 1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದ ಬಳಿಕ ಅಂದಿನ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಟಿಬೆಟಿಯನ್ ನಿರಾಶ್ರಿತರಿಗೆ ಒದಗಿಸಿತು. 1960ರಿಂದ ಅವರು ಕಾಡು ಕಡಿದು, ಆನೆಯ ಕಾಟವನ್ನೂ ಒಗ್ಗದ ಸೆಕೆಯನ್ನೂ ಸಹಿಸಿ, ಮುಸುಕಿನ ಜೋಳ ಬೆಳೆಯಲು ಕಲಿತರು. 1969ರಲ್ಲಿ ಎರಡನೆಯ ಶಿಬಿರ ಬಂದಿತು. ನಾಮ್‌ಡ್ರೋಲಿಂಗ್ ಮಠ 1963ರಲ್ಲಿ ಆರಂಭವಾಯಿತು; ‘ಗೋಲ್ಡನ್ ಟೆಂಪಲ್’ ಎಂದೇ ಪ್ರಸಿದ್ಧವಾದ ಅದರ ಮಂದಿರ 1999ರಲ್ಲಿ ಉದ್ಘಾಟನೆಗೊಂಡಿತು. ಕೊಡಗಿಗೆ ಬರುವ ಪ್ರವಾಸಿಗಳು ಅದನ್ನು ಕೊಡಗಿನದೇ ಎಂದು ತಿಳಿದು ನೋಡಿ ಹೋಗುತ್ತಾರೆ. ಜಿಲ್ಲೆಯ ಗಡಿ ನದಿಯಲ್ಲಿ ಹರಿದರೂ ಮಾರುಕಟ್ಟೆ ಒಂದೇ.

ಆರು ದಶಕಗಳಿಗೂ ಮೀರಿದ ಈ ನೆರೆಹೊರೆಯಲ್ಲಿ ವ್ಯವಹಾರ ಬೆಳೆದಿದೆ; ಪರಿಚಯ ಅಷ್ಟಾಗಿ ಬೆಳೆದಿಲ್ಲ. ಪೇಟೆಯಲ್ಲಿ ಕೇಳಿಬರುವ ಮಾತುಗಳು ಇವು: ಅವರಿಗೆ ವಿದೇಶದಿಂದ ದುಡ್ಡು ಬರುತ್ತದೆ, ಅವರು ಇಲ್ಲಿಯವರೊಡನೆ ಬೆರೆಯುವುದಿಲ್ಲ, ಅವರಿಗೆ ಮಾತಿನಲ್ಲಿ ಮರ್ಯಾದೆಯಿಲ್ಲ. ಆಚೆ ದಡದಲ್ಲಿಯೂ ಮಾತುಗಳಿವೆ: ಇವರು ಮುಖ ನೋಡಿ ಬೆಲೆ ಹೇಳುತ್ತಾರೆ, ಎಷ್ಟು ವರ್ಷವಾದರೂ ಇವರಿಗೆ ತಾವು ಬರಿಯ ಗಿರಾಕಿಗಳು. ಒಂದೊಂದನ್ನೂ ಪರಿಶೀಲನೆಗೆ ಒಡ್ಡುವುದು ಲೇಸು.

ವಿದೇಶದ ದುಡ್ಡಿನ ಮಾತು. ವಿದೇಶದಲ್ಲಿರುವ ಬಂಧುಗಳಿಂದ ಕೆಲವು ಕುಟುಂಬಗಳಿಗೆ, ಭಕ್ತರಿಂದ ಮಠಗಳಿಗೆ ಹಣ ಬರುವುದು ನಿಜ. ಆದರೆ ಮಠದ ಹಣ ಬೀದಿಯಲ್ಲಿ ಕಾಣುವ ಭಿಕ್ಷುವಿನ ಜೇಬಿನ ಹಣವಲ್ಲ. ಮಠಕ್ಕೆ ಸಾವಿರಾರು ಜನರ ಅಡುಗೆಮನೆಯಿದೆ. ಅದಕ್ಕೆ ಅಕ್ಕಿ, ಮೈದಾ, ಬೇಳೆ, ತರಕಾರಿ ನಿತ್ಯ ಬೇಕು. ಒಬ್ಬ ಭಿಕ್ಷುವಿಗೆ ಹತ್ತು ರೂಪಾಯಿ ಹೆಚ್ಚಿಗೆ ಹೇಳಿ ಗಳಿಸಿದವನು, ಆ ಅಡುಗೆಮನೆಯ ಸಗಟು ಖರೀದಿಯನ್ನು ಮೈಸೂರಿನ ವರ್ತಕನಿಗೆ ಬಿಟ್ಟುಕೊಟ್ಟಿರುವ ಸಾಧ್ಯತೆಯೇ ಹೆಚ್ಚು. ಮೇಲಾಗಿ, ಕೆಂಪು ವಸ್ತ್ರ ಧರಿಸಿದವರೆಲ್ಲ ಟಿಬೆಟಿಯನ್ನರಲ್ಲ. ಲಡಾಖ್, ಅರುಣಾಚಲ, ಸಿಕ್ಕಿಂಗಳಿಂದ ಬಂದ ಭಾರತೀಯ ಪ್ರಜೆಗಳೂ ಭೂತಾನ್, ನೇಪಾಳಗಳಿಂದ ಬಂದವರೂ ಅಲ್ಲಿ ಓದುತ್ತಾರೆ. ಸ್ವದೇಶದ ವಿದ್ಯಾರ್ಥಿಯನ್ನು ಪರದೇಶಿಯೆಂದು ತಿಳಿದು ಬೆಲೆ ಹೇಳುವುದು ಎಂತಹ ವ್ಯಾಪಾರ?

ಬೆರೆಯುವುದಿಲ್ಲವೆಂಬ ಮಾತು. ಶಿಬಿರದ ಭೂಮಿ ಅವರ ಸ್ವಂತದ್ದಲ್ಲ. ನೋಂದಣಿ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಂಡು ಬದುಕಬೇಕಾದವರೇ ಅವರಲ್ಲಿ ಹೆಚ್ಚು. ಭೂಮಿಯ ಗುತ್ತಿಗೆ, ವ್ಯಾಪಾರ ಪರವಾನಗಿಗಳ ಕುರಿತು ಕೇಂದ್ರ ಸರ್ಕಾರ ಒಂದು ಸ್ಪಷ್ಟ ಪುನರ್ವಸತಿ ನೀತಿಯನ್ನು ಪ್ರಕಟಿಸಿದ್ದು 2014ರಲ್ಲಿ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಜನಿಸಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತೀಯ ಪ್ರಜೆಗಳೆಂಬುದನ್ನು ದೆಹಲಿ ಹೈಕೋರ್ಟು 2010ರಲ್ಲಿ, ಕರ್ನಾಟಕ ಹೈಕೋರ್ಟು 2013ರಲ್ಲಿ ಎತ್ತಿಹಿಡಿಯಬೇಕಾಯಿತು. ಕಾಗದಪತ್ರದ ಅನಿಶ್ಚಿತತೆಯಲ್ಲಿ ಬದುಕುವವನ ಸಂಕೋಚವನ್ನು ಬಿಗುಮಾನವೆಂದು ಓದುವುದು ತಪ್ಪು ಓದು.

ಮರ್ಯಾದೆಯ ಮಾತು. ಟಿಬೆಟಿಯನ್ ಭಾಷೆಯಲ್ಲಿ ‘ಶೆಸ’ ಎಂಬ ಗೌರವಸೂಚಕ ಪದಸಂಪತ್ತೇ ಬೇರೆ ಇದೆ. ತಲೆಗೆ ‘ಗೋ’ ಎಂಬುದು ಸಾಮಾನ್ಯ ಪದವಾದರೆ ಹಿರಿಯರ ತಲೆಗೆ ‘ಉ’. ಕೈಗೂ, ಊಟಕ್ಕೂ, ಬರುವುದಕ್ಕೂ ಹೋಗುವುದಕ್ಕೂ ಹೀಗೆಯೇ ಎರಡೆರಡು ಪದಗಳು. ಇಂತಹ ಭಾಷೆಯ ಜನ ಕನ್ನಡದಲ್ಲಿ ಏಕವಚನ ಬಳಸಿದರೆ ಅದು ಅವರ ಸ್ವಭಾವವಲ್ಲ, ಅವರಿಗೆ ಸಿಕ್ಕಿದ ಪಾಠ. ಸಂತೆಯಲ್ಲಿ, ಬಸ್ಸಿನಲ್ಲಿ, ಹೊಲದಲ್ಲಿ ಅವರ ಕಿವಿಗೆ ಬಿದ್ದ ಕನ್ನಡ ‘ಬಾ, ಹೋಗು, ತಗೋ, ಕೊಡು’ ಎಂಬ ಕನ್ನಡ. ಕೇಳಿದ್ದನ್ನೇ ಅವರು ಹಿಂತಿರುಗಿಸಿದರು. ಅಸ್ಸಾಮಿನಿಂದ ಕಾಫಿ ಕೊಯ್ಲಿಗೆ ಬಂದ ಕಾರ್ಮಿಕನ ಕನ್ನಡವೂ ಇದೇ ಶಾಲೆಯದು. ಗಿರಾಕಿಯ ಏಕವಚನದ ಬಗ್ಗೆ ಬೇಸರಪಡುವ ಮುನ್ನ ಗಲ್ಲಾದ ಹಿಂದಿನಿಂದ ಯಾವ ವಚನ ಹೊರಟಿತೆಂದು ಗಮನಿಸುವುದು ಒಳ್ಳೆಯದು.

ಲೂಧಿಯಾನದ ಲೆಕ್ಕ

ಚಳಿಗಾಲದಲ್ಲಿ ಬೈಲಕುಪ್ಪೆಯ ಅನೇಕ ಮನೆಗಳಿಗೆ ಬೀಗ ಬೀಳುತ್ತದೆ. ಕುಟುಂಬದ ದುಡಿಯುವವರು ದೇಶದ ನಾನಾ ನಗರಗಳಿಗೆ ಹೋಗಿ, ಬೀದಿಬದಿಯಲ್ಲಿ ಸ್ವೆಟರ್ ಮಾರಿ, ವರ್ಷದ ಗಳಿಕೆಯ ದೊಡ್ಡ ಪಾಲನ್ನು ಆ ಮೂರು ನಾಲ್ಕು ತಿಂಗಳಲ್ಲಿ ದುಡಿಯುತ್ತಾರೆ. ಆ ಸ್ವೆಟರುಗಳು ಬಹುಪಾಲು ಪಂಜಾಬಿನ ಲೂಧಿಯಾನದವು. ಅಲ್ಲಿಯ ಹೊಸಿಯರಿ ಉತ್ಪಾದಕರು ದಶಕಗಳಿಂದ ಟಿಬೆಟಿಯನ್ ಮಾರಾಟಗಾರರಿಗೆ ಅಲ್ಪ ಮುಂಗಡ ಪಡೆದು ಸರಕನ್ನು ಸಾಲವಾಗಿ ಕೊಡುತ್ತಾರೆ. ಋತು ಮುಗಿದ ಮೇಲೆ ಬಾಕಿ ತೀರುತ್ತದೆ. ಅಡಮಾನವಿಲ್ಲ, ಬ್ಯಾಂಕಿನ ಖಾತರಿಯಿಲ್ಲ. ಮಾರಾಟಗಾರರ ಸಂಘದ ಮಾತು ಮತ್ತು ವರ್ಷ ವರ್ಷದ ಲೆಕ್ಕವೇ ಆಧಾರ.

ಲೂಧಿಯಾನದ ಉತ್ಪಾದಕನಿಗೂ ಟಿಬೆಟಿಯನ್ನನಿಗೂ ಭಾಷೆ, ಧರ್ಮ, ಊಟ ಯಾವುದೂ ಸಮಾನವಲ್ಲ. ಅವರು ನೆರೆಯವರೂ ಅಲ್ಲ. ಆದರೂ ಅಲ್ಲಿ ಹಣೆಪಟ್ಟಿಯ ಜಾಗದಲ್ಲಿ ಖಾತೆ ಪುಸ್ತಕ ಕುಳಿತಿತು. ಯಾರು ಎಷ್ಟು ಒಯ್ದರು, ಯಾವಾಗ ತೀರಿಸಿದರು ಎಂಬ ಬರಹ ‘ಆ ಜನ ಹೇಗೆ’ ಎಂಬ ಪ್ರಶ್ನೆಯನ್ನೇ ಅನಗತ್ಯಗೊಳಿಸಿತು. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಉತ್ಪಾದಕನಿಗೆ ಸಾಧ್ಯವಾದುದು ಸೇತುವೆಯ ಈಚೆ ಇರುವವರಿಗೆ ಏಕೆ ಸಾಧ್ಯವಾಗಬಾರದು?

ಇದಕ್ಕೆ ಕಾಲಾವಕಾಶವೂ ಅಪರಿಮಿತವಲ್ಲ. 2009ರ ಟಿಬೆಟಿಯನ್ ಆಡಳಿತದ ಗಣತಿಯಲ್ಲಿ ಭಾರತದಲ್ಲಿದ್ದ ಟಿಬೆಟಿಯನ್ನರು ಸುಮಾರು 94,000. ಆ ಬಳಿಕ ಯುವಜನರು ಅಮೆರಿಕ, ಕೆನಡಾ, ಯುರೋಪುಗಳಿಗೆ ವಲಸೆ ಹೋಗುವುದು ಮುಂದುವರಿದಿದ್ದು, ಶಿಬಿರಗಳ ಜನಸಂಖ್ಯೆ ಕುಗ್ಗಿದೆ. ನಿತ್ಯದ ಗಿರಾಕಿ ಕಡಿಮೆಯಾದಂತೆ ಉಳಿದವರ ವಿಶ್ವಾಸದ ಬೆಲೆ ಹೆಚ್ಚುತ್ತದೆ.

ವಿಶ್ವಾಸ ಕಳೆದುಹೋದರೆ ಏನಾಗುವುದೆಂಬುದನ್ನು ಕರ್ನಾಟಕ ಕಂಡಿದೆ. 2012ರ ಆಗಸ್ಟಿನಲ್ಲಿ ವದಂತಿಯೊಂದರಿಂದ ಭಯಗೊಂಡ ಸಾವಿರಾರು ಈಶಾನ್ಯ ಭಾರತೀಯರು ಬೆಂಗಳೂರಿನಿಂದ ಗುವಾಹಟಿಗೆ ರೈಲು ಹತ್ತಿದರು. ಹೋಟೆಲು, ಭದ್ರತಾ ಸಂಸ್ಥೆ, ಕ್ಷೌರದಂಗಡಿಗಳು ಕೆಲಸಗಾರರಿಲ್ಲದೆ ಪರದಾಡಿದವು. 2020ರ ಮಾರ್ಚಿಯಲ್ಲಿ ಕೊರೋನಾ ಭೀತಿಯ ನಡುವೆ ಮೈಸೂರಿನ ಅಂಗಡಿಯೊಂದು ನಾಗಾಲ್ಯಾಂಡಿನ ಇಬ್ಬರು ಯುವಕರಿಗೆ ಮುಖಲಕ್ಷಣದ ಕಾರಣದಿಂದ ಪ್ರವೇಶ ನಿರಾಕರಿಸಿ, ವಿಷಯ ಪೊಲೀಸ್ ಠಾಣೆ ಮುಟ್ಟಿತು. ಆ ಯುವಕರು ಕೇಳಿದ್ದು ದಿನಸಿ.

ಎಲ್ಲವೂ ತಪ್ಪು ತಿಳಿವಳಿಕೆಯಲ್ಲ

ಇಷ್ಟರ ಮೇಲೂ ಅನುಭವಿ ವರ್ತಕನ ಆಕ್ಷೇಪಣೆಯೊಂದು ಉಳಿಯುತ್ತದೆ: ‘ಪಟ್ಟಿ ಸುಮ್ಮನೆ ಹುಟ್ಟುವುದಿಲ್ಲ, ಮೋಸ ಹೋದವನಿಗೆ ಗೊತ್ತು.’ ಈ ಮಾತನ್ನು ತಳ್ಳಿಹಾಕಲಾಗದು. ಸಾಲ ತೀರಿಸದೆ ಊರು ಬಿಟ್ಟವರಿದ್ದಾರೆ, ಮುಂಗಡ ಪಡೆದು ಕೊಯ್ಲಿನ ನಡುವೆ ಕಣ್ಮರೆಯಾದವರಿದ್ದಾರೆ, ಕೊಠಡಿಯನ್ನು ಹಾಳುಗೆಡವಿ ಹೋದ ಅತಿಥಿಗಳೂ ಇದ್ದಾರೆ. ಆದರೆ ಸಾಲ ತೀರಿಸದ ಸ್ವಂತ ಊರಿನವನನ್ನು ಹೆಸರು ಹಿಡಿದು ದೂರುವ ವರ್ತಕ, ಹೊರಗಿನವನು ತೀರಿಸದಿದ್ದರೆ ಅವನ ಜನವನ್ನೆಲ್ಲ ದೂರುತ್ತಾನೆ. ಎಚ್ಚರಿಕೆ ಬೇಕು, ಅದು ವ್ಯಕ್ತಿಯ ಲೆಕ್ಕದ ಮೇಲಿರಬೇಕು. ಮುಂಗಡ, ಸಾಲದ ಮಿತಿ, ಗುರುತಿನ ಪತ್ರಗಳ ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಯಾರಿಗೂ ಅವಮಾನವಿಲ್ಲ, ವರ್ತಕನಿಗೂ ನಷ್ಟವಿಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಎಲ್ಲ ಜಗಳಗಳನ್ನೂ ‘ಸಂಸ್ಕೃತಿಗಳ ತಪ್ಪು ತಿಳಿವಳಿಕೆ’ ಎಂದು ಕರೆದು ಕೈತೊಳೆದುಕೊಳ್ಳುವುದು ಮತ್ತೊಂದು ಬಗೆಯ ಮೋಸ. ತೋಟದ ಲೈನ್‌ಮನೆಯಲ್ಲಿ ನೀರು ಸೋರುವುದು ಸಂಸ್ಕೃತಿಯಲ್ಲ, ದುರಸ್ತಿಯ ಪ್ರಶ್ನೆ. ಕಡಿಮೆ ಕೂಲಿ ಕಾನೂನಿನ ಪ್ರಶ್ನೆ. ನದಿಗೆ ಎಸೆದ ಪ್ಲಾಸ್ಟಿಕ್ ಪ್ರವಾಸಿಯ ಸಂಸ್ಕೃತಿಯಲ್ಲ, ಅವನ ಹೊಣೆಗೇಡಿತನ. ಕೊಯ್ಲಿನ ಕಾರ್ಮಿಕ ಯಾವ ದೇಶದವನೆಂಬ ಸಂಶಯವಿದ್ದರೆ ಅದನ್ನು ಪರಿಶೀಲಿಸುವುದು ಸರ್ಕಾರಿ ಕಚೇರಿಯ ಕೆಲಸ. ಸಂತೆಯ ಗುಂಪು ತೀರ್ಪು ಕೊಡುವ ವಿಷಯವಲ್ಲ. ನಿಜವಾದ ವ್ಯಾಜ್ಯವನ್ನು ವ್ಯಾಜ್ಯವೆಂದೇ ಎತ್ತಿಕೊಂಡರೆ ಅದು ಬಗೆಹರಿಯುತ್ತದೆ; ಜನರ ಸ್ವಭಾವದ ತಲೆಗೆ ಕಟ್ಟಿದರೆ ಎಂದಿಗೂ ಬಗೆಹರಿಯದು.

ಮಾಡಬಹುದಾದ ಕೆಲಸ

ಇದಕ್ಕೆ ದೊಡ್ಡ ಯೋಜನೆಯಾಗಲಿ ಸರ್ಕಾರದ ಅನುದಾನವಾಗಲಿ ಬೇಕಿಲ್ಲ. ವರ್ತಕರ ಸಂಘಟನೆಗಳು ಈ ವರ್ಷವೇ ಕೈಗೊಳ್ಳಬಹುದಾದ ಕೆಲಸಗಳು ಕೆಲವಿವೆ.

ಮೊದಲನೆಯದು, ಎಲ್ಲರಿಗೂ ಒಂದೇ ಬೆಲೆ, ಅದೂ ಬರಹದಲ್ಲಿ. ಪೊಟ್ಟಣದ ಸರಕಿಗೆ ಗರಿಷ್ಠ ಮಾರಾಟ ಬೆಲೆಯ ಮುದ್ರೆ ಇದ್ದೇ ಇದೆ. ಬಿಡಿ ಮಸಾಲೆ, ಜೇನು, ಕಾಫಿಪುಡಿ, ತರಕಾರಿಗಳ ಬೆಲೆಯನ್ನು ಫಲಕದಲ್ಲಿ ಕನ್ನಡದೊಂದಿಗೆ ಹಿಂದಿ, ಇಂಗ್ಲಿಷ್, ಕುಶಾಲನಗರದಲ್ಲಿ ಟಿಬೆಟಿಯನ್ ಭಾಷೆಯಲ್ಲೂ ಬರೆಸಿದರೆ ‘ಮುಖ ನೋಡಿ ಬೆಲೆ’ ಎಂಬ ದೂರು ತಾನಾಗಿಯೇ ಅಳಿಯುತ್ತದೆ.

ಎರಡನೆಯದು, ಎರಡೂ ದಡಗಳಿಗೆ ಒಂದೇ ದಿನದರ್ಶಿಕೆ. ಫೆಬ್ರುವರಿ–ಮಾರ್ಚಿಯಲ್ಲಿ ಬರುವ ಟಿಬೆಟಿಯನ್ ಹೊಸವರ್ಷ ಲೋಸಾರ್, ಮಾರ್ಚ್ 10ರ ಸ್ಮರಣೆಯ ದಿನ, ದಲೈಲಾಮಾ ಅವರ ಜನ್ಮದಿನವಾದ ಜುಲೈ 6 ಶಿಬಿರದ ಮುಖ್ಯ ದಿನಗಳು. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಕೊಡಗಿನವು. ಇವನ್ನು ಮುದ್ರಿಸಿ ಎರಡೂ ಕಡೆ ಹಂಚಿದರೆ ದಾಸ್ತಾನಿನ ಯೋಜನೆಗೂ ಅನುಕೂಲ, ಮುಚ್ಚಿದ ಅಂಗಡಿಯ ಮುಂದೆ ನಿಂತು ಗೊಣಗುವುದೂ ತಪ್ಪುತ್ತದೆ.

ಮೂರನೆಯದು, ವರ್ಷಕ್ಕೆರಡು ಬಾರಿಯಾದರೂ ವರ್ತಕರ ಸಂಘಟನೆ, ಶಿಬಿರಗಳ ಸಹಕಾರ ಸಂಘಗಳು, ಮಠಗಳ ಖರೀದಿ ನೋಡಿಕೊಳ್ಳುವವರು ಒಂದೆಡೆ ಕುಳಿತು ಮಾತನಾಡುವುದು. ದೂರು ಯಾವುದಿದ್ದರೂ ಅಲ್ಲಿ ಬರಲಿ. ಕೂಡ್ಲೂರು ಕೈಗಾರಿಕಾ ಪ್ರದೇಶದ ಸಣ್ಣ ಉದ್ಯಮಿಗಳಿಗೂ ಇದರಿಂದ ಸಗಟು ಗ್ರಾಹಕರ ನೇರ ಪರಿಚಯ ದೊರೆಯುತ್ತದೆ.

ನಾಲ್ಕನೆಯದು, ಕೊಯ್ಲಿಗೆ ಬರುವ ಕಾರ್ಮಿಕರಿಗೆ, ಹೊಸದಾಗಿ ಬಂದ ಭಿಕ್ಷುಗಳಿಗೆ ಬಹುವಚನದ ಕನ್ನಡ ಕಲಿಸುವ ಒಂದು ಚಿಕ್ಕ ಪುಸ್ತಿಕೆ. ‘ಬನ್ನಿ, ಕೊಡಿ, ಎಷ್ಟಾಯಿತು, ಧನ್ಯವಾದ’ ಎಂಬಷ್ಟರಿಂದ ಆರಂಭವಾದರೆ ಸಾಕು. ಕಲಿಸುವವರು ಅದೇ ಬಹುವಚನದಲ್ಲಿ ಅವರನ್ನು ಮಾತನಾಡಿಸಬೇಕೆಂಬುದು ಮಾತ್ರ ಷರತ್ತು.

ಕೊಡಗಿನ ಕಾಫಿಯ ಮೇಲಿನ ಪಟ್ಟಿ ಪ್ರಪಂಚದ ಯಾವ ಮೂಲೆಯಲ್ಲಿ ತೆರೆದು ನೋಡಿದರೂ ನಿಜವಾಗಿರಬೇಕೆಂದು ಬೆಳೆಗಾರನೂ ವರ್ತಕನೂ ಬಯಸುತ್ತಾರೆ. ಕಲಬೆರಕೆಯ ಕಾಫಿಗೆ ಆ ಹೆಸರು ಅಂಟಿಸಿದರೆ ಕೋಪಗೊಳ್ಳುತ್ತಾರೆ, ಅದು ನ್ಯಾಯವೇ. ಎದುರಿಗೆ ನಿಂತ ಗಿರಾಕಿಯ ಮೇಲೆ ತಾವೇ ಅಂಟಿಸಿದ ಪಟ್ಟಿಯನ್ನೂ ಅದೇ ನಿಷ್ಠುರತೆಯಿಂದ ಪರೀಕ್ಷಿಸಿದರೆ, ಅವುಗಳಲ್ಲಿ ಎಷ್ಟೋ ಪಟ್ಟಿಗಳ ಅವಧಿ ಮುಗಿದು ಬಹಳ ಕಾಲವಾಯಿತೆಂಬುದು ತಿಳಿಯುತ್ತದೆ.